ಗಣಿಯಿಲ್ಲದ ನಾಡಿನ ಉಪ್ಪು: ಬುಕಾನನ್ನನ ವರ್ಣನೆಯ ವಿಮರ್ಶೆ

ಕರ್ನಾಟಕದ ಇತಿಹಾಸವನ್ನು ಬೋಧಿಸುವವರಿಗೂ ಓದುವವರಿಗೂ ಉಪ್ಪು ಎಂದೊಡನೆ ನೆನಪಾಗುವುದು ಅಂಕೋಲೆ. ೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿ ನಡೆದ ಸತ್ಯಾಗ್ರಹಕ್ಕೆ ನಮ್ಮ ಪಠ್ಯಗಳಲ್ಲಿ ತಕ್ಕ ಸ್ಥಾನ ದೊರೆತಿದೆ. ಅದು ಯೋಗ್ಯವೂ ಆಗಿದೆ. ಆದರೆ ಇದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಸದ್ದಿಲ್ಲದೆ ಬೇರೂರಿದೆ. ಉಪ್ಪೆಂದರೆ ಕಡಲು, ಕಡಲೆಂದರೆ ಕರಾವಳಿ, ಒಳನಾಡಾದರೋ ಎಂದೆಂದಿಗೂ ಉಪ್ಪನ್ನು ಕೊಂಡು ತಿಂದ ನಾಡು ಎಂಬುದೇ ಆ ತಿಳಿವಳಿಕೆ. ಮೈಸೂರು ಸೀಮೆಯ ಬಯಲು ತನಗೆ ಬೇಕಾದ ಉಪ್ಪಿನ ಒಂದು ಪಾಲನ್ನು ತನ್ನ ಮಣ್ಣಿನಿಂದಲೇ ತೆಗೆದುಕೊಳ್ಳುತ್ತಿತ್ತು; ಆ ಕೆಲಸದಿಂದ ಒಂದು ದೊಡ್ಡ ಜನವರ್ಗಕ್ಕೇ ಹೆಸರು ಬಂದಿತು; ಆ ಕಸುಬು ಅಳಿದ ಮೇಲೂ ಹೆಸರು ಉಳಿದಿದೆ. ಹೀಗಿದ್ದರೂ ಈ ಕಸುಬಿನ ಚರಿತ್ರೆಯೆಂದು ನಮ್ಮ ಗ್ರಂಥಗಳಲ್ಲಿ ಸಿಗುವುದು ಬಹುಮಟ್ಟಿಗೆ ಒಬ್ಬ ಪರದೇಶದ ವೈದ್ಯನು ಬರೆದ ಒಂದು ಪುಟಕ್ಕೂ ಕಡಮೆಯಾದ ವರ್ಣನೆ ಮಾತ್ರ. ಆ ವರ್ಣನೆ ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ, ಮುಂದಿನವರು ಅದನ್ನು ಹೇಗೆ ಬಳಸಿಕೊಂಡರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿಷಯಕ್ಕೆ ತೊಡಗುವ ಮುನ್ನ ಪರಿಭಾಷೆಯ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ‘ರಾಕ್ ಸಾಲ್ಟ್’ ಎಂದು ಕಂಡಾಗ ಅದನ್ನು ‘ಕಲ್ಲುಪ್ಪು’ ಎಂದು ಕನ್ನಡಿಸುವುದು ಈಚೆಗೆ ರೂಢಿಯಾಗಿದೆ. ಇದು ಸರಿಯಲ್ಲ. ನಮ್ಮ ಅಡುಗೆಮನೆಗಳಲ್ಲಿ ಕಲ್ಲುಪ್ಪೆಂದರೆ ಕಡಲ ನೀರನ್ನು ಪಾತಿಗಳಲ್ಲಿ ಬಿಸಿಲಿಗೆ ಇಂಗಿಸಿ ತೆಗೆದ ಹರಳು ಉಪ್ಪು. ಪುಡಿಯುಪ್ಪಿಗೆ ಎದುರಾಗಿ ಹೇಳುವ ಮಾತು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಈ ಅರ್ಥದಲ್ಲಿ ಕಲ್ಲುಪ್ಪೇ ಹೊರತು ಬಂಡೆಯಿಂದ ಕಡಿದದ್ದಲ್ಲ. ಬೆಟ್ಟದ ಒಡಲಿನಿಂದ ಕಡಿದು ತೆಗೆಯುವ ಉಪ್ಪಿಗೆ ನಮ್ಮಲ್ಲಿ ಬಹುಕಾಲದಿಂದ ಇರುವ ಹೆಸರು ಸೈಂಧವ ಲವಣ. ಸಿಂಧೂ ದೇಶದಿಂದ ಬಂದದ್ದು ಎಂಬ ಅರ್ಥವೇ ಅದರ ಮೂಲವನ್ನೂ ಹೇಳುತ್ತದೆ. ಆಯುರ್ವೇದದ ಮದ್ದುಗಳಲ್ಲಿ, ಉಪವಾಸದ ದಿನದ ಫಲಾಹಾರದಲ್ಲಿ ಅದರ ಬಳಕೆ ಇಂದಿಗೂ ಇದೆ. ಮೂರನೆಯದು ನಮ್ಮ ಬಯಲಿನ ಚೌಳು ಮಣ್ಣನ್ನು ನೀರಿನಲ್ಲಿ ಸೋಸಿ ತೆಗೆಯುತ್ತಿದ್ದ ಉಪ್ಪು. ಇದನ್ನು ಇಲ್ಲಿ ಮಣ್ಣುಪ್ಪು ಎಂದು ಕರೆಯುತ್ತೇನೆ. ಈ ಮೂರನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳದಿದ್ದರೆ, ಹಳೆಯ ಮೈಸೂರಿನಲ್ಲಿ ಉಪ್ಪಿನ ಗಣಿಗಳಿದ್ದವೆಂದು ವಿದ್ಯಾರ್ಥಿಯು ಬರೆದರೆ ಅದು ಅವನ ತಪ್ಪೆನ್ನುವಂತಿಲ್ಲ.

ಮೈಸೂರಿನಲ್ಲಿ ಉಪ್ಪಿನ ಗಣಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಒಳಗಡಲೊಂದು ಬತ್ತಿ, ಅದರ ಉಪ್ಪು ಪದರಪದರವಾಗಿ ನೆಲೆಗೊಂಡು, ಮೇಲೆ ಬಿದ್ದ ಹೂಳಿನ ಭಾರದಲ್ಲಿ ಕಲ್ಲಾದಾಗ ಮಾತ್ರ ಸೈಂಧವದ ನಿಕ್ಷೇಪ ಹುಟ್ಟುತ್ತದೆ. ಪಂಜಾಬಿನ ಉಪ್ಪಿನ ಬೆಟ್ಟಸಾಲು ಅಂಥದು. ಅಲ್ಲಿನ ಪದರಗಳಿಗೆ ಐವತ್ತು ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಯಲಹಂಕ, ಹೆಬ್ಬಾಳಗಳು ನಿಂತಿರುವ ನೆಲದಡಿಯ ನೈಸ್ ಶಿಲೆಯಾದರೋ ಅದಕ್ಕಿಂತ ಎಷ್ಟೋ ಹಳೆಯದು, ಮುನ್ನೂರು ಕೋಟಿ ವರ್ಷಗಳ ಆಸುಪಾಸಿನದು. ಅದು ಬತ್ತಿದ ಕಡಲಿನ ತಳವಲ್ಲ. ಇಂಥ ಶಿಲೆ ಕರಗಿ ಮಣ್ಣಾಗುವಾಗ ಬಿಡುಗಡೆಯಾದ ಲವಣಾಂಶ ಮಳೆಯ ನೀರಿನೊಡನೆ ತಗ್ಗಿಗೆ ಇಳಿಯುತ್ತದೆ. ನೀರು ಹರಿದುಹೋಗದೆ ನಿಲ್ಲುವ ಕಡೆ ಬೇಸಗೆಯಲ್ಲಿ ಅದು ಮಣ್ಣಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಮೇಲೆದ್ದು ಬಂದು ಬೂದಿ ಚೆಲ್ಲಿದಂತೆ ಬೆಳ್ಳಗೆ ಹರಡಿಕೊಳ್ಳುತ್ತದೆ. ರೈತನಿಗೆ ಅದು ಕೇಡು. ಉಪ್ಪಾರನಿಗೆ ಅದೇ ಬೆಳೆ.

ಗಣಿಯ ಉಪ್ಪಿಗೂ ಮಣ್ಣುಪ್ಪಿಗೂ ಇರುವ ಅಂತರ ತಂತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ; ಚರಿತ್ರೆಯ ಆಕರಗಳಿಗೂ ಸಂಬಂಧಿಸಿದ್ದು. ಇದನ್ನು ಸ್ಪಷ್ಟಪಡಿಸಿಕೊಳ್ಳಲು ಈಗ ಪಾಕಿಸ್ತಾನಕ್ಕೆ ಸೇರಿದ ಖೇವಡಾ ಗಣಿಯನ್ನು ನೋಡಬಹುದು. ಅಲೆಕ್ಸಾಂಡರನ ಕುದುರೆಗಳು ಕಲ್ಲನ್ನು ನೆಕ್ಕಿದ್ದರಿಂದ ಅಲ್ಲಿ ಉಪ್ಪು ಪತ್ತೆಯಾಯಿತೆಂಬ ಕಥೆಯನ್ನು ಕಥೆಯೆಂದೇ ಬಿಡೋಣ. ಮೊಗಲರ ಕಾಲಕ್ಕೆ ಆ ಬೆಟ್ಟಗಳ ಉಪ್ಪು ಹೆಸರುವಾಸಿಯಾಗಿತ್ತು. ಐನ್-ಎ-ಅಕ್ಬರಿಯಲ್ಲಿ ಅದರ ಪ್ರಸ್ತಾಪವಿದೆ. ಸಿಖ್ಖರ ಆಳ್ವಿಕೆಯ ತರುವಾಯ ೧೮೪೯ರಲ್ಲಿ ಪಂಜಾಬು ಬ್ರಿಟಿಷರ ವಶವಾದಾಗ ಗಣಿಯೂ ಅವರದಾಯಿತು. ಅದುವರೆಗೆ ಕಿರಿದಾದ ಬಾಯಿಗಳ ಮೂಲಕ ಒಳನುಗ್ಗಿ, ಸಿಕ್ಕ ಕಡೆ ಸಿಕ್ಕಷ್ಟು ಕಡಿಯುವ ಪದ್ಧತಿ ನಡೆದಿತ್ತು. ಮೇಲಿನ ಭಾರವನ್ನು ಹೊರಲು ಏನನ್ನೂ ಉಳಿಸದೆ ಕಡಿದಲ್ಲಿ ಚಾವಣಿ ಕುಸಿಯುವ ಭಯ ತಪ್ಪಿದ್ದಲ್ಲ. ೧೮೭೨ರಲ್ಲಿ ವಾರ್ತ್ ಎಂಬ ಎಂಜಿನಿಯರು ನೆಲಮಟ್ಟದಲ್ಲಿ ಬೆಟ್ಟದೊಳಕ್ಕೆ ದೊಡ್ಡ ಸುರಂಗವನ್ನು ತೆಗೆಸಿ, ಕೋಣೆ ಮತ್ತು ಕಂಬದ ಪದ್ಧತಿಯನ್ನು ನೆಲೆಗೊಳಿಸಿದನು. ಉಪ್ಪಿನ ಅರ್ಧಭಾಗವನ್ನು ಕಡಿದು ಕೋಣೆ ಮಾಡುವುದು. ಉಳಿದರ್ಧವನ್ನು ಕಂಬಗಳಾಗಿ ಹಾಗೆಯೇ ಬಿಟ್ಟು ಬೆಟ್ಟವನ್ನು ಹೊರಿಸುವುದು: ಇದೇ ಅದರ ಸೂತ್ರ. ಕೋಣೆಯ ಮೈಯಲ್ಲಿ ತೂತು ಕೊರೆದು, ಮದ್ದು ಸಿಡಿಸಿ, ಒಡೆದುಬಿದ್ದ ಗಟ್ಟಿಗಳನ್ನು ಹಳಿಗಳ ಮೇಲಿನ ಬಂಡಿಗಳಲ್ಲಿ ಹೊರಕ್ಕೆ ಸಾಗಿಸುತ್ತಾರೆ. ಅಂತಸ್ತಿನ ಮೇಲೆ ಅಂತಸ್ತಾಗಿ ಬೆಳೆದ ಈ ಗಣಿಯ ಸುರಂಗಗಳ ಒಟ್ಟು ಉದ್ದ ಸುಮಾರು ೪೦ ಕಿಲೋಮೀಟರೆಂದು ಹೇಳುತ್ತಾರೆ. ಒಳಗಿನ ತಾಪಮಾನ ವರ್ಷವಿಡೀ ೧೮-೨೦ ಡಿಗ್ರಿಯಷ್ಟೇ. ನೀರು ಜಿನುಗಿದಲ್ಲಿ ಉಪ್ಪುನೀರಿನ ಕೊಳಗಳು ಕಟ್ಟುತ್ತವೆ. ಉಪ್ಪಿನ ಗಣಿಗೆ ನೀರೇ ಮೊದಲ ಹಗೆ: ಅದು ಕಂಬವನ್ನೇ ಕರಗಿಸಬಲ್ಲುದು.

ಇಂಥ ಗಣಿಗೆ ಬಾಯಿ ಒಂದೋ ಎರಡೋ. ಹೊರಬರುವ ಉಪ್ಪೆಲ್ಲ ಆ ಬಾಯಿಯಿಂದಲೇ ಬರಬೇಕು. ಅಲ್ಲಿ ಒಬ್ಬ ಗುಮಾಸ್ತನನ್ನೂ ಒಂದು ತಕ್ಕಡಿಯನ್ನೂ ಇಟ್ಟರೆ ಸರ್ಕಾರದ ಸುಂಕವೂ ಇತಿಹಾಸಕಾರನ ಲೆಕ್ಕವೂ ಒಟ್ಟಿಗೇ ಸಿದ್ಧವಾಗುತ್ತವೆ. ಹೀಗೆ ತೆರಿಗೆ ತೆತ್ತ ಉಪ್ಪಿನ ಬೆಲೆಯನ್ನು ಕಾಪಾಡುವುದಕ್ಕಾಗಿಯೇ ಉತ್ತರ ಭಾರತಕ್ಕೆ ಅಡ್ಡಲಾಗಿ ಮುಳ್ಳುಬೇಲಿಯ ಸುಂಕದ ಗಡಿಯೊಂದನ್ನು ನಿಲ್ಲಿಸಿದ್ದರು. ಅದು ರದ್ದಾದದ್ದು ೧೮೭೯ರಲ್ಲಿ. ರಾಯ್ ಮಾಕ್ಸ್‌ಹ್ಯಾಮ್ ೨೦೦೧ರಲ್ಲಿ ಪ್ರಕಟಿಸಿದ ಗ್ರಂಥ ಆ ಮರೆತ ಬೇಲಿಯನ್ನು ಮತ್ತೆ ನೆನಪಿಗೆ ತಂದಿತು. ಬೇಲಿ ನೆಲದ ಮೇಲೆ ಅಳಿದಿದ್ದರೂ ದಫ್ತರಗಳಲ್ಲಿ ಉಳಿದಿದ್ದುದರಿಂದ ಅದು ಸಾಧ್ಯವಾಯಿತು. ಮಣ್ಣುಪ್ಪಿಗೆ ಬಾಯಿಲ್ಲ. ಊರೂರಿನ ತಗ್ಗಿನಲ್ಲಿ, ಬೇಸಗೆಯ ಕೆಲವು ತಿಂಗಳು ಮಾತ್ರ, ನಾಲ್ಕಾರು ಮನೆಯವರು ಸೇರಿ ಮಾಡುವ ಕೆಲಸವನ್ನು ತೂಗುವ ತಕ್ಕಡಿ ಯಾವ ಸರ್ಕಾರದ ಬಳಿಯೂ ಇರಲಿಲ್ಲ. ಆದುದರಿಂದಲೇ ಬುಕಾನನ್ನನ ಆ ಒಂದು ವರ್ಣನೆಗೆ ಅಷ್ಟು ಬೆಲೆ ಬಂದಿದೆ.

ಫ್ರಾನ್ಸಿಸ್ ಬುಕಾನನ್ ಕಂಪನಿಯ ಬಂಗಾಳದ ಸೇವೆಯಲ್ಲಿದ್ದ ವೈದ್ಯ, ಸಸ್ಯಶಾಸ್ತ್ರಜ್ಞ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ೧೮೦೦-೦೧ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ದಿನಚರಿಯ ರೂಪದ ತನ್ನ ಪ್ರವಾಸಗ್ರಂಥವನ್ನು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಬೇಸಾಯ, ಕೈಗಾರಿಕೆ, ವ್ಯಾಪಾರ ಇವುಗಳ ವಿಚಾರಣೆ ಅವನಿಗೆ ವಹಿಸಿದ್ದ ಕೆಲಸ. ಹೊಸದಾಗಿ ಗೆದ್ದ ನಾಡಿನ ಲಾಭದ ಲೆಕ್ಕ ಅದರ ಹಿನ್ನೆಲೆಯಲ್ಲಿದೆಯೆಂಬುದು ಎಲ್ಲರೂ ಬಲ್ಲ ಮಾತು. ಈಚಿನ ಬರಹಗಾರರು ಅಷ್ಟನ್ನು ಹೇಳಿ ಅವನನ್ನು ತಳ್ಳಿಹಾಕಿಬಿಡುವುದೂ ಉಂಟು. ನನಗೆ ಇದು ಅವಸರದ ತೀರ್ಪಾಗಿ ಕಾಣುತ್ತದೆ. ಕಣ್ಣೆದುರಿನ ಕೆಲಸವನ್ನು ಅವನಷ್ಟು ಎಚ್ಚರದಿಂದ ನೋಡಿ ಬರೆದವರು ಆ ಕಾಲದಲ್ಲಿ ಹೆಚ್ಚು ಮಂದಿ ಇಲ್ಲ.

ಅವನು ಹೇಳುವ ಕ್ರಮ ಹೀಗಿದೆ. ಒಣಹವೆಯ ಕಾಲದಲ್ಲಿ ನೆಲದ ಮೇಲ್ಮಣ್ಣನ್ನು ಕೆರೆದು ರಾಶಿ ಹಾಕುತ್ತಾರೆ. ರಾಶಿಯ ಮುಂದೆ ಅರ್ಧವೃತ್ತಾಕಾರವಾಗಿ ಚಿಕ್ಕ ಚಿಕ್ಕ ದುಂಡನೆಯ ತೊಟ್ಟಿಗಳನ್ನು ಕಟ್ಟುತ್ತಾರೆ. ಒಂದೊಂದರ ಅಗಲ ಸುಮಾರು ಮೂರು ಅಡಿ, ಆಳ ಒಂದು ಅಡಿ. ಗೋಡೆಯೂ ತಳವೂ ಒಣಗಿದ ಕೆಸರಿನವು. ಪ್ರತಿಯೊಂದು ತೊಟ್ಟಿಯ ತಳದಲ್ಲಿ, ರಾಶಿಯ ಕಡೆಗೆ, ಒಂದು ಕಿಂಡಿ; ಕಿಂಡಿಗೆ ಮರದ ದೋಣಿ; ದೋಣಿಯ ಕೆಳಗೆ ಗುಂಡಿಯಲ್ಲಿ ಇಟ್ಟ ಮಣ್ಣಿನ ಗಡಿಗೆ. ತೊಟ್ಟಿಯ ತಳಕ್ಕೆ ಹುಲ್ಲು ಹಾಸಿ, ಅದರ ಮೇಲೆ ಗೋಡೆಯ ಮಟ್ಟ ಮುಟ್ಟುವಷ್ಟು ಉಪ್ಪುಮಣ್ಣನ್ನು ತುಂಬಿ ನೀರು ಹೊಯ್ಯುತ್ತಾರೆ. ನೀರು ಇಳಿಯುತ್ತ ಮಣ್ಣಿನಲ್ಲಿದ್ದ ಉಪ್ಪನ್ನೆಲ್ಲ ಕರಗಿಸಿಕೊಂಡು ಗಡಿಗೆಗೆ ಬಂದು ಸೇರುತ್ತದೆ. ಸಾರ ಹೋದ ಮಣ್ಣನ್ನು ತೊಟ್ಟಿಗಳ ಹಿಂದಕ್ಕೆ ಎಸೆದು ಹೊಸ ಮಣ್ಣನ್ನು ತುಂಬುತ್ತಾರೆ. ಗಡಿಗೆಯಲ್ಲಿ ಕೂಡಿದ ಉಪ್ಪುನೀರನ್ನು ಬಂಡೆಯಲ್ಲಿ ಕಡಿದ ತೊಟ್ಟಿಗೆ ಸುರಿಯುತ್ತಾರೆ. ಆರಿಸುವ ಕೆಲಸವೆಲ್ಲ ಬಿಸಿಲಿನದೇ.

ಈ ವರ್ಣನೆಯ ಗುಣವನ್ನು ಮೊದಲು ಒಪ್ಪಿಕೊಳ್ಳೋಣ. ಇದನ್ನು ಓದಿದವನು ನಾಳೆಯೇ ಉಪ್ಪು ಮಾಡಬಹುದು. ತೊಟ್ಟಿಯ ಅಳತೆ, ಕಿಂಡಿಯ ದಿಕ್ಕು, ಹುಲ್ಲಿನ ಹಾಸು, ಸಾರಗೆಟ್ಟ ಮಣ್ಣನ್ನು ಎಸೆಯುವ ಕಡೆ ಇಷ್ಟನ್ನೂ ನೋಡಿ ಬರೆದವನು ದಾರಿಹೋಕನಲ್ಲ. ಇದರಿಂದ ನಾವು ಊಹಿಸಬಹುದಾದ ಸಂಗತಿಗಳೂ ಕೆಲವು ಇವೆ. ತೊಟ್ಟಿಗಳನ್ನು ಅರ್ಧವೃತ್ತವಾಗಿ ಕಟ್ಟಿದ್ದು ಅಂದಕ್ಕಲ್ಲ. ನಡುವಣ ರಾಶಿಯಿಂದ ಎಲ್ಲ ತೊಟ್ಟಿಗಳಿಗೂ ಮಣ್ಣು ಹೊರುವ ದೂರ ಸಮನಾಗಲೆಂದು. ಮಣ್ಣಿನ ಹೊರೆಯೇ ಈ ಕೆಲಸದ ಮುಖ್ಯ ಶ್ರಮವೆಂದು ಇದರಿಂದ ತಿಳಿಯುತ್ತದೆ. ಒಲೆಯಿಲ್ಲ, ಸೌದೆಯಿಲ್ಲ ಎಂಬುದು ಅದಕ್ಕಿಂತ ಮುಖ್ಯ. ಅದೇ ಚೌಳು ಮಣ್ಣಿನ ಇನ್ನೊಂದು ಬಗೆಯಿಂದ ಪೆಟ್ಲುಪ್ಪನ್ನು ತೆಗೆಯುವಾಗ ಉಪ್ಪುನೀರನ್ನು ಕುದಿಸಬೇಕಾಗುತ್ತದೆ. ಸೌದೆಗೆ ಹಣ ಬೇಕು, ಹಣಕ್ಕೆ ಸಾಹುಕಾರ ಬೇಕು. (ಗಣಿಯಲ್ಲಿ ಬಂಡೆಯುಪ್ಪನ್ನು ಒಡೆಯುತ್ತಿದ್ದ ಕರಿಮದ್ದಿಗೂ ಪೆಟ್ಲುಪ್ಪೇ ಮೂಲವೆಂಬುದು ಇಲ್ಲಿ ನೆನೆಯತಕ್ಕ ಮಾತು.) ತಿನ್ನುವ ಉಪ್ಪಿಗಾದರೆ ಬಿಸಿಲು ಸಾಕು, ಹಾಸುಬಂಡೆ ಸಾಕು. ಬಂಡವಾಳವಿಲ್ಲದವನು ಮಾಡಬಹುದಾದ ಕೈಗಾರಿಕೆ ಇದು. ಪಂಜಾಬಿನಲ್ಲಿ ಕಲ್ಲೇ ಉಪ್ಪು; ನಮ್ಮಲ್ಲಿ ಕಲ್ಲು ಉಪ್ಪಿನ ಪಾತ್ರೆ.

ಇನ್ನು ಕೊರತೆಗಳು. ಮುಂದಿನವರು ಉದ್ಧರಿಸುತ್ತ ಬಂದ ಈ ಭಾಗದಲ್ಲಿ ಕೆಲಸವಿದೆ, ಕೆಲಸದವರಿಲ್ಲ. ಮಣ್ಣು ಕೆರೆಯಲ್ಪಡುತ್ತದೆ, ತುಂಬಲ್ಪಡುತ್ತದೆ, ಎಸೆಯಲ್ಪಡುತ್ತದೆ. ಕೆರೆದವರು ಯಾರು, ಹೊತ್ತವರು ಯಾರು ಎಂಬುದು ‘ಈ ನಾಡಿನ ಉಪ್ಪು ಮಾಡುವವರು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಗಂಡಸರೆಷ್ಟು, ಹೆಂಗಸರೆಷ್ಟು? ಚೌಳು ನೆಲ ಯಾರದು: ಊರಿನದೋ, ಗೌಡನದೋ, ಸರ್ಕಾರದ್ದೋ? ಬಂಡೆಯಲ್ಲಿ ತೊಟ್ಟಿಯನ್ನು ಕಡಿದುಕೊಟ್ಟ ಒಡ್ಡನಿಗೆ ಏನು ಕೊಟ್ಟರು? ಮಳೆಗಾಲದಲ್ಲಿ ಈ ಜನರ ಜೀವನ ಹೇಗೆ? ಇವು ಈ ಕಾಲದ ನಾವು ಅವನ ಮೇಲೆ ಹೊರಿಸುವ ಪ್ರಶ್ನೆಗಳಲ್ಲ. ನೆಲ, ಕೂಲಿ, ಗುತ್ತಿಗೆ ಇವೇ ಅವನಿಗೆ ವಹಿಸಿದ್ದ ವಿಚಾರಣೆಯ ತಿರುಳಾಗಿದ್ದವು. ಬೇಸಾಯದ ವಿಷಯ ಬಂದಾಗ ನೇಗಿಲು, ಬಿತ್ತನೆ, ಬೆಳೆಗಳಷ್ಟೇ ಅಲ್ಲದೆ ಒಕ್ಕಲಿನ ಪಾಲಿನ ಲೆಕ್ಕವನ್ನೂ ಬಿಡದೆ ಕೇಳಿದವನು ಉಪ್ಪಿನ ರಾಶಿಯ ಮುಂದೆ ಬರಿಯ ಯಂತ್ರಜ್ಞನಾಗಿಬಿಟ್ಟನು. ದುಭಾಷಿಗಳ ಮೂಲಕ ಕೇಳಿ ಬರೆದವನಿಗೆ ಕಣ್ಣಿಗೆ ಕಂಡದ್ದು ನಿಚ್ಚಳವಾಗಿಯೂ ಕಿವಿಗೆ ಬಿದ್ದದ್ದು ಮಸುಕಾಗಿಯೂ ಉಳಿದಿರಬಹುದು. ಈ ಮಸುಕೇ ಮುಂದೆ ಪರಂಪರೆಯಾಯಿತು.

ಬುಕಾನನ್ ಬರೆದದ್ದು ಒಂದು ಕಾಲದ ಒಂದು ನೋಟ. ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳನ್ನು ೧೯೦೯ರಲ್ಲಿ ಹೊರತಂದಾಗ, ಉಪ್ಪಾರರನ್ನು ಕುರಿತ ಬರಹದಲ್ಲಿ ಮೈಸೂರಿನ ಮಣ್ಣುಪ್ಪಿನ ಬಗೆಗೆ ತಂದಿರಿಸಿದ್ದು ಈ ವರ್ಣನೆಯನ್ನೇ. ನಡುವೆ ನೂರು ವರ್ಷಗಳು ಕಳೆದಿದ್ದವು. ಬೆಂಗಳೂರಿಗೆ ರೈಲು ಬಂದಿತ್ತು. ಮೈಸೂರು ಐವತ್ತು ವರ್ಷ ಬ್ರಿಟಿಷ್ ಕಮಿಷನಿನ ಆಡಳಿತವನ್ನು ಕಂಡು ಮತ್ತೆ ಒಡೆಯರಿಗೆ ಸೇರಿತ್ತು. ನೆರೆಯ ಮದರಾಸು ಪ್ರಾಂತದಲ್ಲಿ ಉಪ್ಪಿನ ಕಾಯಿದೆಗಳು ಬಂದಿದ್ದವು. ಆದರೂ ೧೮೦೦ರ ತೊಟ್ಟಿ, ಗಡಿಗೆಗಳು ೧೯೦೯ರ ಪುಟದಲ್ಲಿ ಹಾಗೆಯೇ ಕುಳಿತವು. ವರ್ತಮಾನಕಾಲದ ಕ್ರಿಯಾಪದಗಳು ಇಂಥಲ್ಲಿ ಮಾಡುವ ಅನಾಹುತ ಚಿಕ್ಕದಲ್ಲ. ‘ಮಾಡುತ್ತಾರೆ’ ಎಂದು ಬರೆದದ್ದು ನೂರು ವರ್ಷ ‘ಮಾಡುತ್ತಾರೆ’ ಎಂದೇ ಉಳಿದರೆ, ಅವರು ಮಾಡುವುದನ್ನು ಯಾವಾಗ ಬಿಟ್ಟರು, ಏಕೆ ಬಿಟ್ಟರು ಎಂದು ಕೇಳುವ ಅಗತ್ಯವೇ ಓದುಗನಿಗೆ ತೋರುವುದಿಲ್ಲ. ಚರಿತ್ರೆಯ ಪ್ರಶ್ನೆಯೊಂದು ಹೀಗೆ ಜಾತಿಯ ಲಕ್ಷಣವಾಗಿ ಮಾರ್ಪಟ್ಟಿತು. ನಮ್ಮ ಕನ್ನಡದ ಗ್ರಂಥಗಳೂ ಬಹುಮಟ್ಟಿಗೆ ಈ ಜಾಡಿನಲ್ಲೇ ಸಾಗಿವೆ.

ಹಾಗಾದರೆ ಈ ಕಸುಬು ಅಳಿದದ್ದು ಹೇಗೆ? ಸಾಮಾನ್ಯವಾಗಿ ಕೊಡುವ ಉತ್ತರ ಒಂದಿದೆ: ಮಣ್ಣುಪ್ಪು ಕಹಿ ಬೆರೆತ ಕೀಳು ಸರಕು, ಕಡಲುಪ್ಪು ಶುದ್ಧ, ರೈಲು ಅದನ್ನು ಅಗ್ಗವಾಗಿ ತಂದಿತು, ಕೀಳು ಸರಕು ಸಹಜವಾಗಿ ಸೋತಿತು. ಇದರಲ್ಲಿ ಸತ್ಯಾಂಶವಿದೆ. ಚೌಳು ಮಣ್ಣಿನಲ್ಲಿ ತಿನ್ನುವ ಉಪ್ಪಿನೊಡನೆ ಬೇರೆ ಲವಣಗಳೂ ಬೆರೆತಿರುತ್ತವೆ. ಅವು ಪೂರ್ತಿ ಬೇರ್ಪಡದಿದ್ದರೆ ರುಚಿ ಕೆಡುತ್ತದೆ. ೧೮೬೪ರಲ್ಲಿ ಮದರಾಸಿನ ರೈಲು ಬೆಂಗಳೂರು ದಂಡಿಗೆ ಬಂದದ್ದು ಕರಾವಳಿಯ ಸರಕನ್ನು ಒಳನಾಡಿಗೆ ಹತ್ತಿರ ತಂದಿತೆಂಬುದೂ ನಿಜ. ಆದರೆ ‘ಸಹಜವಾಗಿ’ ಎಂಬ ಮಾತನ್ನು ನಾನು ಒಪ್ಪಲಾರೆ. ಮದರಾಸು ಸರ್ಕಾರ ೧೮೦೫ರಲ್ಲಿಯೇ ಉಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತ್ತು. ಕಡಲುಪ್ಪಿನ ಬೆಲೆಯಲ್ಲಿ ಸರ್ಕಾರದ ಲಾಭವೇ ದೊಡ್ಡ ಪಾಲು. ಆ ಲಾಭಕ್ಕೆ ಊರೂರಿನ ತಗ್ಗಿನಲ್ಲಿ ಬಿಟ್ಟಿಯಾಗಿ ಎದ್ದುಬರುವ ಉಪ್ಪಿಗಿಂತ ದೊಡ್ಡ ಶತ್ರುವಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಆ ಪ್ರಾಂತದಲ್ಲಿ ಮಣ್ಣುಪ್ಪನ್ನು ಅಡಗಿಸಲಾಯಿತು; ೧೮೮೯ರ ಮದರಾಸು ಉಪ್ಪಿನ ಕಾಯಿದೆ ಆ ಕ್ರಮಕ್ಕೆ ಬಲ ಕೊಟ್ಟಿತು. ಅಲ್ಲಿನ ಉಪ್ಪಾರರು ಕೆರೆ, ಕಾಲುವೆ, ರಸ್ತೆಗಳ ಮಣ್ಣು ಕೆಲಸಕ್ಕೆ ಇಳಿದರು. ಇದು ಸ್ಪರ್ಧೆಯಲ್ಲಿ ಸೋತದ್ದಲ್ಲ, ಕಣದಿಂದ ಹೊರಹಾಕಿದ್ದು.

ಮೈಸೂರಿನ ಸ್ಥಿತಿ ಇದಕ್ಕಿಂತ ಸೂಕ್ಷ್ಮವಾದುದು. ಅದು ದೇಶೀಯ ಸಂಸ್ಥಾನ. ಮದರಾಸಿನ ಕಾಯಿದೆ ಅಲ್ಲಿಗೆ ನೇರವಾಗಿ ಅನ್ವಯಿಸದು. ಆದರೆ ೧೮೮೧ರಲ್ಲಿ ರಾಜ್ಯವನ್ನು ಚಾಮರಾಜ ಒಡೆಯರಿಗೆ ಹಿಂದಿರುಗಿಸಿದಾಗ ಮಾಡಿಕೊಂಡ ಹಸ್ತಾಂತರ ಪತ್ರದಲ್ಲಿ ಉಪ್ಪು ಮತ್ತು ಅಫೀಮುಗಳ ತಯಾರಿಕೆಯ ವಿಷಯದಲ್ಲಿ ಭಾರತ ಸರ್ಕಾರದ ಇಚ್ಛೆಯಂತೆ ಮಹಾರಾಜರು ನಡೆದುಕೊಳ್ಳಬೇಕೆಂಬ ಷರತ್ತು ಸೇರಿತ್ತು. ಸಂಸ್ಥಾನಗಳ ರಾಜಕೀಯ ಚರಿತ್ರೆಯನ್ನು ಬರೆಯುವವರು ಆ ಪತ್ರದ ಸೈನ್ಯ, ಕಪ್ಪಗಳ ಷರತ್ತುಗಳನ್ನು ವಿವರವಾಗಿ ಚರ್ಚಿಸಿ ಈ ಸಾಲನ್ನು ದಾಟಿ ಹೋಗುತ್ತಾರೆ. ಅಫೀಮಿನೊಡನೆ ಉಪ್ಪನ್ನು ಜೋಡಿಸಿ ಬರೆದದ್ದೇ ಅದರ ಹಿಂದಿನ ಮನಸ್ಸನ್ನು ತೋರಿಸುತ್ತದೆ: ಎರಡೂ ಬೊಕ್ಕಸದ ಸರಕುಗಳು, ಎರಡರ ಗಡಿಯನ್ನೂ ಕಾಯಬೇಕು. ಇಂಥ ಷರತ್ತು ತಲೆಯ ಮೇಲೆ ತೂಗುತ್ತಿರುವಾಗ ಯಾವ ದಿವಾನನೂ ಮಣ್ಣುಪ್ಪನ್ನು ಉತ್ತಮಪಡಿಸುವ ಯೋಜನೆಗೆ ಕೈಹಾಕುವಂತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಮೈಸೂರಿನ ಮಣ್ಣುಪ್ಪು ಸತ್ತದ್ದು ನಿಷೇಧದ ಪೆಟ್ಟಿನಿಂದಲ್ಲ, ಬೆಲೆಯ ಪೆಟ್ಟೊಂದರಿಂದಲೂ ಅಲ್ಲ, ಕೈಹಿಡಿಯುವವರಿಲ್ಲದೆ. ರೇಷ್ಮೆಗೆ, ಗಂಧಕ್ಕೆ, ಕಬ್ಬಿಣಕ್ಕೆ ಇದ್ದ ಸರ್ಕಾರ ಉಪ್ಪಿಗೆ ಇರಲಿಲ್ಲ.

ಇದೇ ಸೀಮೆಯ ಇನ್ನೊಂದು ನೆಲದಡಿಯ ಸಂಪತ್ತನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂತರ ಕಣ್ಣಿಗೆ ಹೊಡೆಯುತ್ತದೆ. ಬುಕಾನನ್ ಬಂದುಹೋದ ಎರಡೇ ವರ್ಷಗಳಿಗೆ, ೧೮೦೨ರಲ್ಲಿ, ವಾರನ್ ಎಂಬ ಸೇನಾಧಿಕಾರಿ ಕೋಲಾರ ಸೀಮೆಯಲ್ಲಿ ಹಳ್ಳಿಗರು ಮಣ್ಣಿನಿಂದ ಚಿನ್ನ ತೊಳೆಯುವುದನ್ನು ಕಂಡು ವರದಿ ಮಾಡಿದನು. ಆ ವರದಿಯ ಬೆನ್ನು ಹಿಡಿದು ಲೆವೆಲ್ ಬಂದ; ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು; ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಗಣಿ ೩,೦೦೦ ಮೀಟರಿಗೂ ಮೀರಿದ ಆಳಕ್ಕೆ ಇಳಿಯಿತು, ೧೯೫೬ರಲ್ಲಿ ರಾಷ್ಟ್ರೀಕರಣವಾಯಿತು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಜಾನಕಿ ನಾಯರ್ ಅವರು ೧೯೯೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಲ್ಲಿನ ಕಾರ್ಮಿಕರ ಚರಿತ್ರೆಗೆ ದೊಡ್ಡ ಸ್ಥಾನ ದೊರೆತಿದೆ. ಕೋಲಾರದ ಗಣಿಗೆ ಹುಟ್ಟಿದ ವರ್ಷವೂ ಇದೆ, ಸತ್ತ ದಿನವೂ ಇದೆ. ಮೈಸೂರಿನ ಕೊನೆಯ ಉಪ್ಪಿನ ತೊಟ್ಟಿ ಬತ್ತಿದ ದಿನವನ್ನು ಬರೆದಿಟ್ಟವರಿಲ್ಲ.

ಆದುದರಿಂದ ಈ ಚರಿತ್ರೆಯನ್ನು ಬರೆಯಹೊರಡುವವನು ಬುಕಾನನ್ನನ ಪುಟವನ್ನು ಮುಚ್ಚಿಟ್ಟು ಬೇರೆ ಆಕರಗಳತ್ತ ತಿರುಗಬೇಕಾಗುತ್ತದೆ. ಸ್ಥಳನಾಮಗಳು ಅವುಗಳಲ್ಲಿ ಮೊದಲನೆಯವು. ಉಪ್ಪು ತೆಗೆಯುವ ಜಾಗಕ್ಕೆ ಹಳೆಯ ಮೈಸೂರಿನ ತೆಂಕಣ ಭಾಗದಲ್ಲಿ ‘ಉಪ್ಪಿನ ಮೋಳೆ’ ಎಂದು ಹೆಸರು. ಚಾಮರಾಜನಗರ, ಯಳಂದೂರು ಕಡೆಯ ಊರುಗಳ ಹೆಸರಿನ ಕೊನೆಯಲ್ಲಿ ಈ ‘ಮೋಳೆ’ ಇಂದಿಗೂ ಕೇಳಿಬರುತ್ತದೆ. ಅಲ್ಲಿ ಉಪ್ಪಾರರ ಸಂಖ್ಯೆಯೂ ಹೆಚ್ಚು. ಊರು, ಜಾತಿ, ನೆಲ ಮೂರೂ ಒಂದೇ ಕಡೆ ಸಾಕ್ಷಿ ನುಡಿಯುವ ಇಂಥ ಪ್ರದೇಶ ಸಂಶೋಧಕನಿಗೆ ಒಂದು ಭಾಗ್ಯವೇ ಸರಿ. ಆದರೆ ಹೆಸರನ್ನೇ ನಂಬಿ ಓಡಬಾರದು. ಬೆಂಗಳೂರಿನ ತೆಂಕಣದಲ್ಲಿ ನಗರದೊಳಗೇ ಸೇರಿಹೋಗಿರುವ ಉಪ್ಪಾರಹಳ್ಳಿಯನ್ನು ಕಂಡು ಅಲ್ಲಿ ಉಪ್ಪು ಬೆಳೆಯುತ್ತಿದ್ದಿತೆಂದು ತೀರ್ಮಾನಿಸಲಾಗದು. ಹಳೆಯ ಜನಗಣತಿಯ ವರದಿಗಳೇ ಹೇಳುವಂತೆ ಉಪ್ಪಾರರಲ್ಲಿ ಕನ್ನಡದವರು ಮಣ್ಣುಪ್ಪು ಮಾಡುವವರು, ತೆಲುಗಿನವರು ಇಟ್ಟಿಗೆ ಗಾರೆಯ ಕೆಲಸದವರು, ಮನೆ ಕಟ್ಟುವವರು. ಬೆಳೆಯುತ್ತಿದ್ದ ನಗರದ ಅಂಚಿನಲ್ಲಿ ಎರಡನೆಯವರು ನೆಲೆಸಿದ್ದಿರುವ ಸಂಭವವೇ ಹೆಚ್ಚು.

ಎರಡನೆಯದು ಆ ಜನರೇ ತಮ್ಮ ಬಗೆಗೆ ಹೇಳಿಕೊಳ್ಳುವ ಮಾತು. ಉಪ್ಪಾರರು ತಮ್ಮನ್ನು ಸಗರನ ವಂಶದವರೆಂದು, ಭಗೀರಥನ ಕುಲದವರೆಂದು ಕರೆದುಕೊಳ್ಳುತ್ತಾರ. ಜಾತಿಪುರಾಣಗಳನ್ನು ಮೇಲ್ಮೆಗಾಗಿ ಕಟ್ಟಿಕೊಂಡ ಕಥೆಗಳೆಂದು ತಳ್ಳಿಹಾಕುವ ವಾಡಿಕೆ ನಮ್ಮಲ್ಲಿದೆ. ಇಲ್ಲಿ ಹಾಗೆ ಮಾಡಿದರೆ ನಷ್ಟವೇ. ಪುರಾಣಗಳ ಅಷ್ಟೂ ವಂಶಗಳಲ್ಲಿ ಇವರು ಆರಿಸಿಕೊಂಡದ್ದು ಭೂಮಿಯನ್ನು ಅಗೆದ ಅರವತ್ತು ಸಾವಿರ ಮಕ್ಕಳ ವಂಶವನ್ನು. ಆ ಅಗೆತದಿಂದಲೇ ಕಡಲಿಗೆ ಸಾಗರವೆಂಬ ಹೆಸರು ಬಂದಿತೆಂಬುದು ಕಥೆ. ಮಣ್ಣು ಅಗೆಯುವುದು, ನೀರು ಹಾಯಿಸುವುದು, ಉಪ್ಪು ತೆಗೆಯುವುದು ಮೂರೂ ಒಂದೇ ಕಥೆಯೊಳಗೆ ಸೇರಿಕೊಂಡಿವೆ. ಕಡಲಿನಿಂದ ಎಷ್ಟೋ ಹರದಾರಿ ದೂರದ ಒಣ ಬಯಲಿನಲ್ಲಿ ಕುಳಿತು ಉಪ್ಪು ತೆಗೆದವರು ಕಡಲಿನೊಡನೆ ನಂಟನ್ನು ಹೇಳಿಕೊಂಡದ್ದು ಅರ್ಥವಿಲ್ಲದ್ದಲ್ಲ. ಇವರಲ್ಲಿ ಕೆಲವರಿಗೆ ‘ಮೇಲುಸಕ್ಕರೆ’ ಎಂಬ ಇನ್ನೊಂದು ಹೆಸರಿರುವುದನ್ನೂ ಹಳೆಯ ಗ್ರಂಥಗಳು ಗುರುತಿಸಿವೆ; ಉಪ್ಪಿನವರಿಗೆ ಸಕ್ಕರೆಯ ಹೆಸರೇಕೆ ಎಂಬುದನ್ನು ಭಾಷಾಶಾಸ್ತ್ರದವರು ಬಿಡಿಸಬೇಕು.

ಮೂರನೆಯದು ನೆಲ. ಮಣ್ಣಿನ ತೊಟ್ಟಿಗಳು ಒಂದೆರಡು ಮಳೆಗೆ ಕರಗಿಹೋಗುತ್ತವೆ. ಬುಕಾನನ್ ಹೇಳುವ ಬಂಡೆಯ ತೊಟ್ಟಿ ಕರಗುವುದಿಲ್ಲ. ಸಾರ ಹೋದ ಮಣ್ಣಿನ ದಿಬ್ಬವೂ ಬೇಗ ಅಳಿಯುವುದಲ್ಲ. ತಗ್ಗಿನ ಚೌಳು, ಅದರ ಅಂಚಿನ ದಿಬ್ಬ, ಹತ್ತಿರದ ಹಾಸುಬಂಡೆಯಲ್ಲಿ ಕಡಿದ ಆಳವಿಲ್ಲದ ತೊಟ್ಟಿ ಈ ಮೂರೂ ಕೂಡಿದ ಕಡೆ ಮಾತ್ರ ಉಪ್ಪಿನ ಮೋಳೆಯನ್ನು ಊಹಿಸಬಹುದು. ತೊಟ್ಟಿಯೊಂದನ್ನೇ ಕಂಡರೆ ಅದು ಧಾನ್ಯ ಕುಟ್ಟುವ ಒರಳಾಗಿರಬಹುದು, ದನಗಳ ಬಾನಿಯಾಗಿರಬಹುದು. ಈ ಬಗೆಯ ಸ್ಥಳಪರೀಕ್ಷೆಗೆ ಕಾಲ ಕಾಯುವುದಿಲ್ಲ. ೨೦೦೮ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆದಂದಿನಿಂದ ಹೆಬ್ಬಾಳದಿಂದ ಯಲಹಂಕದಾಚೆಗೆ ಕೆರೆಯ ತಗ್ಗುಗಳು ಬಡಾವಣೆಗಳಾಗುತ್ತಿವೆ, ಹಾಸುಬಂಡೆಗಳು ಜಲ್ಲಿಯಾಗುತ್ತಿವೆ. ಆ ಬಂಡೆಗಳಲ್ಲಿ ಏನಿತ್ತೆಂದು ನೋಡಿದವರು ಕಡಮೆ.

ಈಚೆಗೆ ಸೈಂಧವ ಲವಣ ಹಿಮಾಲಯದ ಗುಲಾಬಿ ಉಪ್ಪೆಂಬ ಹೊಸ ಹೆಸರಿನಿಂದ ಬೆಂಗಳೂರಿನ ಅಂಗಡಿಗಳಲ್ಲಿ ಹೆಚ್ಚು ಬೆಲೆಗೆ ಮಾರಾಟವಾಗುತ್ತಿದೆ. ದೇಶ ವಿಭಜನೆಯಲ್ಲಿ ಖೇವಡಾ ಆಚೆಗೆ ಹೋದ ಮೇಲೆ ನಮ್ಮ ಪಾಲಿಗೆ ಉಳಿದ ಬಂಡೆಯುಪ್ಪಿನ ಗಣಿಗಳೆಂದರೆ ಹಿಮಾಚಲದ ಮಂಡಿ ಪ್ರದೇಶದ ಗುಮ್ಮಾ ಮತ್ತು ದ್ರಂಗ್. ಅಲ್ಲಿನ ಉಪ್ಪು ಕಂದುಬಣ್ಣದ್ದು, ಅಂಗಡಿಯ ಕಣ್ಣಿಗೆ ಹಿಡಿಸುವುದಲ್ಲ. ಪಾಕಿಸ್ತಾನದ ಸರಕಿನ ಮೇಲೆ ೨೦೧೯ರಲ್ಲಿ ಶೇಕಡ ೨೦೦ರ ಸುಂಕ ಬಿದ್ದಿತು. ೨೦೨೫ರ ಮೇ ತಿಂಗಳಲ್ಲಿ ಆಮದನ್ನೇ ನಿಷೇಧಿಸಲಾಯಿತು. ಆ ಗಣಿಯ ಉಪ್ಪಿನ ಒಂದೊಂದು ಮಣವೂ ಯಾವ ಗಡಿಯಲ್ಲಿ ಎಷ್ಟು ತೆತ್ತು ಬಂದಿತೆಂಬುದಕ್ಕೆ ಒಂದೂವರೆ ಶತಮಾನದ ಲೆಕ್ಕ ಸಿಗುತ್ತದೆ. ನಮ್ಮ ಮೋಳೆಗಳ ಲೆಕ್ಕ ಸಿಗಬೇಕಾದರೆ ತಾಲ್ಲೂಕು ಕಚೇರಿಗಳ ಹಳೆಯ ಜಮಾಬಂದಿ ಕಡತಗಳಲ್ಲಿ ‘ಚೌಳು’, ‘ಖರಾಬು’ ಎಂದು ಬರೆದಿಟ್ಟ ಸರ್ವೆ ನಂಬರುಗಳನ್ನು ಒಂದೊಂದಾಗಿ ಆರಿಸಿ, ಹಳ್ಳಿಯ ನಕ್ಷೆಯ ಮೇಲೆ ಗುರುತಿಸಿ, ಆ ನೆಲದಲ್ಲಿ ನಡೆದು ನೋಡಬೇಕು. ಸ್ನಾತಕೋತ್ತರ ತರಗತಿಯ ನಾಲ್ವರು ವಿದ್ಯಾರ್ಥಿಗಳು ಒಂದು ಬೇಸಗೆಯಲ್ಲಿ ಒಂದು ಹೋಬಳಿಯನ್ನು ಮುಗಿಸಬಹುದು. ಯಳಂದೂರು ತಾಲ್ಲೂಕಿನಿಂದ ತೊಡಗುವುದು ಲೇಸು. ಅಲ್ಲಿನ ಮೋಳೆಗಳಲ್ಲಿ ತಾತ ಮುತ್ತಾತಂದಿರು ಮಣ್ಣು ಕೆರೆದ ಜಾಗ ಯಾವುದೆಂದು ಕೇಳಿ ತಿಳಿಯಬಹುದಾದ ವೃದ್ಧರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.